ನಲಿ-ಕಲಿ

ನಲಿ-ಕಲಿ ಎಂಬುದು ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಒಂದರಿಂದ ಮೂರನೆಯ ತರಗತಿಯವರೆಗೆ ಜಾರಿಯಲ್ಲಿರುವ ಚಟುವಟಿಕೆ ಆಧಾರಿತ ಬೋಧನಾ ಪದ್ಧತಿ. ಮೂರೂ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು ಕೂರುತ್ತಾರೆ. ಎಲ್ಲರಿಗೂ ಒಂದೇ ಪಾಠ ಎಂಬುದು ಇಲ್ಲಿಲ್ಲ. ಕ್ರಮಸಂಖ್ಯೆಯುಳ್ಳ ಕಲಿಕಾ ಕಾರ್ಡುಗಳನ್ನು ಹಿಡಿದು ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ 2009-10ನೆಯ ಶೈಕ್ಷಣಿಕ ವರ್ಷದಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಕನ್ನಡ, ಗಣಿತ ಮತ್ತು ಪರಿಸರ ಅಧ್ಯಯನ ಇದರ ಮೂಲ ವಿಷಯಗಳು.

ಹೆಸರಿನ ಮೊದಲ ಭಾಗವನ್ನಷ್ಟೇ ಹಿಡಿದು ಇದನ್ನು ಆಟದ ಮೂಲಕ ಪಾಠ ಎಂದು ವಿವರಿಸುವುದು ರೂಢಿಯಲ್ಲಿದೆ. ಆ ವಿವರಣೆ ಅಪೂರ್ಣ. ಹಾಡು, ಆಟ, ಕಥೆ ಇದರಲ್ಲಿ ಹೇರಳವಾಗಿದ್ದರೂ ಪದ್ಧತಿಯ ತಿರುಳಿರುವುದು ಒಬ್ಬ ಶಿಕ್ಷಕರು ಹಲವು ತರಗತಿ, ಹಲವು ಮಟ್ಟದ ಮಕ್ಕಳಿಗೆ ಏಕಕಾಲದಲ್ಲಿ ಕಲಿಸಲು ಸಾಧ್ಯವಾಗುವಂತೆ ಕೋಣೆಯನ್ನೂ ಸಮಯವನ್ನೂ ಪಾಠವನ್ನೂ ಮರುಜೋಡಿಸಿದ ವ್ಯವಸ್ಥೆಯಲ್ಲಿ.

ಹಿನ್ನೆಲೆ

ಕರ್ನಾಟಕದ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಒಬ್ಬಿಬ್ಬರು ಶಿಕ್ಷಕರೇ ಒಂದರಿಂದ ಐದನೆಯ ತರಗತಿಯವರೆಗೆ ನೋಡಿಕೊಳ್ಳುವುದು ಬಹುಕಾಲದಿಂದ ನಡೆದು ಬಂದಿದೆ. ಶಿಕ್ಷಣ ಹಕ್ಕು ಕಾಯ್ದೆ (2009) ಕೂಡ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನಷ್ಟೇ ನಿಗದಿಪಡಿಸುತ್ತದೆ. ಎಂದರೆ ಕಾಯ್ದೆ ಅಕ್ಷರಶಃ ಪಾಲನೆಯಾದರೂ ಸಣ್ಣ ಊರಿನ ಶಾಲೆಗಳಲ್ಲಿ ಬಹುವರ್ಗ ಬೋಧನೆ, ಅಂದರೆ ಒಂದಕ್ಕಿಂತ ಹೆಚ್ಚು ತರಗತಿಗಳಿಗೆ ಒಬ್ಬರೇ ಕಲಿಸುವುದು, ತಪ್ಪುವಂಥದಲ್ಲ. ಹಳೆಯ ಕ್ರಮದಲ್ಲಿ ಇದರ ನಿರ್ವಹಣೆ ಹೀಗಿತ್ತು: ಒಂದನೆಯ ತರಗತಿಗೆ ಪಾಠ ನಡೆಯುವಾಗ ಎರಡನೆಯವರಿಗೆ ಕಾಪಿ ಬರವಣಿಗೆ, ಮೂರನೆಯವರಿಗೆ ಮಗ್ಗಿ. ಪಾಠ ಒಂದು ಗುಂಪಿಗೆ ದಕ್ಕುತ್ತಿತ್ತು, ಉಳಿದವರಿಗೆ ಸುಮ್ಮನೆ ಕೂರುವ ಕೆಲಸ.

ಗೈರುಹಾಜರಿ ಇನ್ನೊಂದು ತೊಡಕು. ಸುಗ್ಗಿಯ ಕಾಲದಲ್ಲಿ ಹೊಲದ ಕೆಲಸ, ದನ ಕಾಯುವುದು, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ತಂದೆತಾಯಿಯೊಂದಿಗೆ ಕೂಲಿಗಾಗಿ ಗುಳೆ ಹೋಗುವುದು ಇವುಗಳಿಂದ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬರುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ಅದನ್ನು ಹಿಂದಕ್ಕೆ ತಂದುಕೊಡುವ ದಾರಿ ತರಗತಿಯಲ್ಲಿ ಇರಲಿಲ್ಲ. ಶಾಲೆ ಬಿಡುವ ಮಕ್ಕಳಲ್ಲಿ ಅನೇಕರು ಇಂಥವರು.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಶುಕೇಂದ್ರಿತ ಮತ್ತು ಚಟುವಟಿಕೆ ಆಧಾರಿತ ಬೋಧನೆಯನ್ನು ಪ್ರಾಥಮಿಕ ಹಂತದ ಗುರಿಯೆಂದು ಸಾರಿತು. ಯಶಪಾಲ್ ಅಧ್ಯಕ್ಷತೆಯ ಸಮಿತಿ 1993ರಲ್ಲಿ ಸಲ್ಲಿಸಿದ ವರದಿ ಪಠ್ಯದ ಹೊರೆಯ ಪ್ರಶ್ನೆಯನ್ನು ಮುಂದಿಟ್ಟಿತು. ಅದೇ ಅವಧಿಯಲ್ಲಿ ಪ್ರತಿ ತರಗತಿಯ ಮಗು ಕಲಿಯಲೇಬೇಕಾದ ಕನಿಷ್ಠ ಕಲಿಕಾ ಮಟ್ಟಗಳ ಪಟ್ಟಿಯೂ ಸಿದ್ಧವಾಗಿತ್ತು. 1994ರಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಇವುಗಳಿಗೆ ಹಣವನ್ನೂ ಆಡಳಿತದ ಚೌಕಟ್ಟನ್ನೂ ಒದಗಿಸಿತು. ಇವಕ್ಕೂ ಹಿಂದೆ ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ, 1937ರ ವಾರ್ಧಾ ಯೋಜನೆಯ ಮೂಲಕ ಗಾಂಧೀಜಿ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತ ಇವರೆಲ್ಲ ಮಗುವಿನ ಕೈಕೆಲಸ ಮತ್ತು ಕುತೂಹಲಕ್ಕೆ ಎಡೆಕೊಡುವ ಶಿಕ್ಷಣವನ್ನು ಪ್ರಯೋಗಿಸಿದ್ದರು. ಏಕೋಪಾಧ್ಯಾಯ ಶಾಲೆಗೆ ಹೊಂದುವ ಸಿದ್ಧ ಸಾಮಗ್ರಿ ಮಾತ್ರ ಬಂದದ್ದು ಬೇರೆ ಕಡೆಯಿಂದ.

ಉಗಮ

ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪ ಜಿಡ್ಡು ಕೃಷ್ಣಮೂರ್ತಿಯವರು ಸ್ಥಾಪಿಸಿದ ಋಷಿ ವ್ಯಾಲಿ ಶಾಲೆಯ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ವೈ.ಎ. ಪದ್ಮನಾಭ ರಾವ್ ಮತ್ತು ಎ. ರಮಾ ದಂಪತಿ 1980ರ ದಶಕದ ಕೊನೆಯಿಂದ ಬಹುವರ್ಗ ಬೋಧನೆಯ ಸಾಮಗ್ರಿಯನ್ನು ರೂಪಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಉಪಗ್ರಹ ಶಾಲೆಗಳನ್ನು ತೆರೆದು, ಪಠ್ಯಪುಸ್ತಕವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ಒಂದೊಂದು ಕಾರ್ಡು ಮಾಡಿ, ಎಲ್ಲವನ್ನೂ ಒಂದು ಕಿಟ್ ಆಗಿ ಜೋಡಿಸಿದ್ದರು. ‘ಪೆಟ್ಟಿಗೆಯಲ್ಲಿ ಶಾಲೆ’ ಎಂಬ ಹೆಸರಿನಿಂದ ಇದು ಹೊರಗೆ ಪರಿಚಿತವಾಯಿತು. ಕೊಲಂಬಿಯಾದಲ್ಲಿ 1970ರ ದಶಕದಲ್ಲಿ ಆರಂಭವಾದ ಎಸ್ಕ್ವೇಲಾ ನುಯೇವಾ ಎಂಬ ಗ್ರಾಮೀಣ ಶಾಲಾ ಪದ್ಧತಿಯಲ್ಲೂ ಇದೇ ಬಗೆಯ ಸ್ವಕಲಿಕೆಯ ಸಾಮಗ್ರಿ ಬಳಕೆಯಲ್ಲಿತ್ತು.

ಹೆಗ್ಗಡದೇವನಕೋಟೆ ಕಬಿನಿ ಜಲಾಶಯದ ಸುತ್ತಲ ಕಾಡಂಚಿನ ತಾಲ್ಲೂಕು. ಜೇನುಕುರುಬ, ಕಾಡುಕುರುಬ, ಯರವ ಮೊದಲಾದ ಬುಡಕಟ್ಟುಗಳ ಹಾಡಿಗಳೂ ಚದುರಿದ ಸಣ್ಣ ಊರುಗಳೂ ಇಲ್ಲಿ ಹೆಚ್ಚು. ಇಲ್ಲಿನ ಸರ್ಕಾರಿ ಶಾಲಾ ಶಿಕ್ಷಕರ ತಂಡ ಋಷಿ ವ್ಯಾಲಿಗೆ ಭೇಟಿ ನೀಡಿ ಕಾರ್ಡು ಪದ್ಧತಿಯನ್ನು ನೋಡಿ ಕಲಿತು ಬಂದಿತು. ಆದರೆ ತೆಲುಗು ಕಾರ್ಡುಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಲಿಲ್ಲ. ಕನ್ನಡ ಲಿಪಿಗೆ ತಕ್ಕ ಅಕ್ಷರಕ್ರಮ, ಸ್ಥಳೀಯ ಹಾಡು, ಒಗಟು, ಕಥೆ, ಊರಿನ ಗಿಡಮರಗಳ ಹೆಸರು ಇವನ್ನೆಲ್ಲ ಸೇರಿಸಿ ಶಿಕ್ಷಕರೇ ಕುಳಿತು ಹೊಸ ಸಾಮಗ್ರಿ ಬರೆದರು, ತರಗತಿಯಲ್ಲಿ ಬಳಸಿ ನೋಡಿದರು, ತಿದ್ದಿದರು. ಸರ್ಕಾರಿ ವ್ಯವಸ್ಥೆಯೊಳಗಿನ ಪ್ರಾಥಮಿಕ ಶಿಕ್ಷಕರು ಇಡೀ ಪಠ್ಯಕ್ರಮವನ್ನು ತಾವೇ ಮರುರಚಿಸಿದ್ದು ಈ ಪ್ರಯೋಗದ ಅತಿ ಮುಖ್ಯ ಸಂಗತಿ. ಅದರ ಮೊದಲ ವರ್ಷಗಳ ಯಶಸ್ಸಿಗೆ ಕಾರ್ಡಿಗಿಂತ ಇದೇ ಹೆಚ್ಚು ಕಾರಣ ಎನ್ನಬಹುದು.

ವಿಸ್ತರಣೆ

ಒಂದು ತಾಲ್ಲೂಕಿನ ಆಯ್ದ ಶಾಲೆಗಳಿಂದ ಪದ್ಧತಿ ಮೊದಲು ನೆರೆಯ ಶಾಲೆಗಳಿಗೆ, 1990ರ ದಶಕದ ಕೊನೆಯ ಹೊತ್ತಿಗೆ ಡಿಪಿಇಪಿ ಜಿಲ್ಲೆಗಳ ಆಯ್ದ ಶಾಲೆಗಳಿಗೆ ಹರಡಿತು. ತರಬೇತಾದ ಶಿಕ್ಷಕರು ವರ್ಗವಾದಾಗ, ಹರಿದ ಕಾರ್ಡಿಗೆ ಬದಲಿ ಕಾರ್ಡು ಬಾರದಾಗ ಹಲವು ಶಾಲೆಗಳು ಹಳೆಯ ಕ್ರಮಕ್ಕೆ ಮರಳಿದವು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಸಾಮಗ್ರಿಯನ್ನು ಪರಿಷ್ಕರಿಸಿ 2009-10ರಲ್ಲಿ ಒಂದು ಮತ್ತು ಎರಡನೆಯ ತರಗತಿಗೆ, 2010-11ರಲ್ಲಿ ಮೂರನೆಯ ತರಗತಿಗೆ ರಾಜ್ಯಾದ್ಯಂತ ಅಳವಡಿಸಲಾಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣ ಚಟುವಟಿಕೆ, ಅನ್ವೇಷಣೆಗಳ ಮೂಲಕ ಭಯಮುಕ್ತವಾಗಿ ಕಲಿಯುವ ಅವಕಾಶವನ್ನು ಕಡ್ಡಾಯಗೊಳಿಸಿದ್ದು ಈ ನಿರ್ಧಾರಕ್ಕೆ ಬಲ ನೀಡಿತು.

ಈ ಎರಡು ಘಟ್ಟಗಳ ನಡುವೆ ಪದ್ಧತಿಯ ಸ್ವರೂಪ ಒಂದು ಮುಖ್ಯ ವಿಷಯದಲ್ಲಿ ಬದಲಾಯಿತು. ಮೊದಲ ಘಟ್ಟದಲ್ಲಿ ಶಿಕ್ಷಕರು ಕಾರ್ಡು ಬರೆಯುವವರಾಗಿದ್ದರು. ಎರಡನೆಯ ಘಟ್ಟದಲ್ಲಿ ಮುದ್ರಿತ ಕಾರ್ಡು, ಕೈಪಿಡಿ, ಸುತ್ತೋಲೆ, ಐದಾರು ದಿನಗಳ ತರಬೇತಿ ಇವು ಇಲಾಖೆಯಿಂದ ಶಾಲೆಗೆ ಬರತೊಡಗಿದವು.

ಕಲಿಕಾ ಏಣಿ

ಪ್ರತಿ ವಿಷಯದ ಇಡೀ ಪಠ್ಯವನ್ನು ‘ಮೈಲಿಗಲ್ಲು’ಗಳಾಗಿ ವಿಂಗಡಿಸಲಾಗಿದೆ. ಒಂದು ಮೈಲಿಗಲ್ಲಿನಲ್ಲಿ ಪರಸ್ಪರ ಹೊಂದಿಕೊಂಡ ಕೆಲವು ಸಾಮರ್ಥ್ಯಗಳಿರುತ್ತವೆ. ಪ್ರತಿ ಮೈಲಿಗಲ್ಲಿನೊಳಗೆ ಚಟುವಟಿಕೆಗಳು ಒಂದು ನಿಶ್ಚಿತ ಕ್ರಮದಲ್ಲಿ ಬರುತ್ತವೆ: ಮೊದಲು ಹಾಡು, ಮಾತುಕತೆ, ಆಟಗಳ ಪೂರ್ವಸಿದ್ಧತಾ ಚಟುವಟಿಕೆ, ಬಳಿಕ ಹೊಸ ಅಂಶವನ್ನು ಕಲಿಸುವ ಚಟುವಟಿಕೆ, ನಂತರ ಅಭ್ಯಾಸ, ಕೊನೆಗೆ ಮೌಲ್ಯಮಾಪನ. ಮೌಲ್ಯಮಾಪನದಲ್ಲಿ ತೊಡಕು ಕಂಡರೆ ಪರಿಹಾರ ಬೋಧನೆಯ ಕಾರ್ಡು, ಸಲೀಸಾಗಿ ಮುಗಿಸಿದರೆ ಪುಷ್ಟೀಕರಣದ ಕಾರ್ಡು. ಇವುಗಳನ್ನು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಚಿತ್ರಿಸಿ ಗೋಡೆಗೆ ತೂಗುಹಾಕಿದ ದೊಡ್ಡ ಪಟವೇ ‘ಕಲಿಕಾ ಏಣಿ’.

ಓದಲು ಬಾರದ ಒಂದನೆಯ ತರಗತಿಯ ಮಗುವೂ ಏಣಿಯನ್ನು ಬಳಸಬಲ್ಲದು. ಏಕೆಂದರೆ ಮೆಟ್ಟಿಲುಗಳಲ್ಲಿ ಬರಹದ ಬದಲು ‘ಲೋಗೋ’ ಎಂದು ಕರೆಯಲಾಗುವ ಪ್ರಾಣಿ, ಪಕ್ಷಿ ಮೊದಲಾದ ಚಿತ್ರಗಳೂ ಅಂಕಿಗಳೂ ಇರುತ್ತವೆ. ಪ್ರತಿ ಲೋಗೋ ಒಂದು ಬಗೆಯ ಚಟುವಟಿಕೆಯನ್ನು ಸೂಚಿಸುತ್ತದೆ. ಮಗು ತಾನು ನಿನ್ನೆ ಮುಗಿಸಿದ ಮೆಟ್ಟಿಲನ್ನು ಏಣಿಯಲ್ಲಿ ಗುರುತಿಸಿ, ಮುಂದಿನ ಮೆಟ್ಟಿಲಿನ ಚಿತ್ರ ಮತ್ತು ಸಂಖ್ಯೆಗೆ ಸರಿಹೊಂದುವ ಕಾರ್ಡನ್ನು ಗೂಡಿನಿಂದ ತಾನೇ ತೆಗೆದುಕೊಳ್ಳುತ್ತದೆ. ಹತ್ತು ದಿನ ಗೈರಾದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅದಕ್ಕಾಗಿ ಯಾರೂ ಕಾಯಬೇಕಿಲ್ಲ, ಯಾರನ್ನೂ ಓಡಿ ಹಿಡಿಯಬೇಕಿಲ್ಲ. ಶೈಕ್ಷಣಿಕ ವರ್ಷದ ಕೊನೆಗೆ ಏಣಿ ಪೂರ್ತಿಯಾಗದಿದ್ದರೆ ಮುಂದಿನ ವರ್ಷ ಅದೇ ಕೋಣೆಯಲ್ಲಿ ಅಲ್ಲಿಂದಲೇ ಶುರು.

ಗುಂಪು ಮತ್ತು ತಟ್ಟೆ

ಕೋಣೆಯಲ್ಲಿ ಮಕ್ಕಳು ತರಗತಿವಾರು ಕೂರುವುದಿಲ್ಲ. ಆ ಹೊತ್ತಿನಲ್ಲಿ ಎಷ್ಟು ಸಹಾಯ ಬೇಕು ಎಂಬುದರ ಮೇಲೆ ಐದು ಗುಂಪುಗಳಾಗುತ್ತವೆ: ಶಿಕ್ಷಕರ ಪೂರ್ಣ ಸಹಾಯ ಪಡೆಯುವ ಗುಂಪು, ಶಿಕ್ಷಕರ ಭಾಗಶಃ ಸಹಾಯದ ಗುಂಪು, ಸಹಪಾಠಿಗಳ ಪೂರ್ಣ ಸಹಾಯದ ಗುಂಪು, ಸಹಪಾಠಿಗಳ ಭಾಗಶಃ ಸಹಾಯದ ಗುಂಪು ಮತ್ತು ಸ್ವಕಲಿಕೆಯ ಗುಂಪು. ಪ್ರತಿ ಗುಂಪಿನ ಜಾಗವನ್ನು ‘ತಟ್ಟೆ’ ಎಂಬ ಫಲಕ ತೋರಿಸುತ್ತದೆ. ಆ ಗುಂಪಿನಲ್ಲಿ ಮಾಡಬೇಕಾದ ಚಟುವಟಿಕೆಗಳ ಲೋಗೋಗಳು ತಟ್ಟೆಯ ಮೇಲಿರುತ್ತವೆ. ಕಾರ್ಡಿನ ಲೋಗೋ ಯಾವ ತಟ್ಟೆಯಲ್ಲಿದೆಯೋ ಮಗು ಅಲ್ಲಿ ಹೋಗಿ ಕೂರುತ್ತದೆ.

ಗುಂಪುಗಳು ಸ್ಥಿರವಲ್ಲ. ಒಂದೇ ಮಗು ಕನ್ನಡದ ಅವಧಿಯಲ್ಲಿ ಶಿಕ್ಷಕರ ಪಕ್ಕದಲ್ಲೂ ಗಣಿತದ ಅವಧಿಯಲ್ಲಿ ಸ್ವಕಲಿಕೆಯ ಗುಂಪಿನಲ್ಲೂ ಇರಬಹುದು. ಹೊಸದೊಂದನ್ನು ಕಲಿಯುವಾಗ ಮಗು ಮೊದಲ ತಟ್ಟೆಯಲ್ಲಿರುತ್ತದೆ. ಅಭ್ಯಾಸ ಹೆಚ್ಚಿದಂತೆ ಮುಂದಿನ ತಟ್ಟೆಗಳಿಗೆ ಸರಿಯುತ್ತದೆ. ಹಾಗಾಗಿ ಜಾಣರ ಬೆಂಚು, ದಡ್ಡರ ಬೆಂಚು ಎಂಬ ವಿಂಗಡಣೆಗೆ ಇಲ್ಲಿ ಆಸ್ಪದ ಕಡಿಮೆ. ಮೂರನೆಯ ತರಗತಿಯ ಮಗು ಒಂದನೆಯದಕ್ಕೆ ಕಾರ್ಡು ಓದಿ ಹೇಳುವುದು ಪದ್ಧತಿಯ ಅಂಗವೇ ಆಗಿದೆ. ಮೂರು ತರಗತಿಗಳನ್ನು ಬೆರೆಸಲು ಇದೂ ಒಂದು ಕಾರಣ. ಅವಧಿಗಳು ಸಾಮಾನ್ಯ ತರಗತಿಗಳಿಗಿಂತ ದೀರ್ಘ, ಏಕೆಂದರೆ ಮಕ್ಕಳು ಕಾರ್ಡು ಹುಡುಕಿ, ಗುಂಪು ಸೇರಿ, ಕೆಲಸ ಮುಗಿಸಿ, ಕಾರ್ಡನ್ನು ಜಾಗಕ್ಕೆ ಇಡಲು ಸಮಯ ಬೇಕು.

ತರಗತಿ ಕೋಣೆ

ನಲಿ-ಕಲಿ ಕೋಣೆಯನ್ನು ಹೊರಗಿನಿಂದಲೇ ಗುರುತಿಸಬಹುದು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಂತೆ ಸುತ್ತಲೂ ಕಪ್ಪು ಬಣ್ಣ ಬಳಿದ ಗೋಡೆ ಹಲಗೆ. ಪ್ರತಿ ಮಗುವಿಗೂ ಅದರಲ್ಲಿ ಒಂದು ಪಾಲು. ತಲೆಯ ಮೇಲೆ ದಾರಗಳನ್ನು ಅಡ್ಡಡ್ಡ ಕಟ್ಟಿ ಮಕ್ಕಳ ಚಿತ್ರ, ಬರಹ, ಕಾಗದದ ಕೆಲಸಗಳನ್ನು ತೂಗುಬಿಟ್ಟ ‘ಕಲಿಕಾ ಚಪ್ಪರ’. ಒಂದು ಗೋಡೆಯಲ್ಲಿ ಏಣಿಗಳು, ಇನ್ನೊಂದರಲ್ಲಿ ‘ಹವಾಮಾನ ನಕ್ಷೆ’. ಇದರಲ್ಲಿ ಮಕ್ಕಳೇ ದಿನವೂ ಬಿಸಿಲು, ಮೋಡ, ಮಳೆಯ ಗುರುತು ಹಾಕುತ್ತಾರೆ. ಕಾರ್ಡುಗಳಿಗೆ ವಿಷಯವಾರು ಗೂಡುಗಳು. ಎಣಿಕೆಗೆ ಹುಣಸೆ ಬೀಜ, ಹೊಂಗೆ ಬೀಜ, ಕಡ್ಡಿ, ಮಣಿ. ಆರಂಭದಲ್ಲಿ ಮಕ್ಕಳೂ ಶಿಕ್ಷಕರೂ ಚಾಪೆಯ ಮೇಲೆ ವೃತ್ತಾಕಾರವಾಗಿ ಕೂರುತ್ತಿದ್ದರು. ರಾಜ್ಯವ್ಯಾಪಿ ವಿಸ್ತರಣೆಯ ನಂತರ ಹಲವು ಶಾಲೆಗಳಿಗೆ ದುಂಡು ಮೇಜು ಮತ್ತು ಸಣ್ಣ ಕುರ್ಚಿಗಳು ಬಂದಿವೆ.

ಅಕ್ಷರ ಕಲಿಕೆಯ ಕ್ರಮ

ನಲಿ-ಕಲಿಯ ಕನ್ನಡ ಪಠ್ಯ ಸಾಂಪ್ರದಾಯಿಕ ವರ್ಣಮಾಲೆಯ ಕ್ರಮವನ್ನು ಕೈಬಿಟ್ಟಿದೆ. ‘ಅ, ಆ, ಇ, ಈ’ ಎಂದು ಹೊರಟರೆ ಮೊದಲ ಹತ್ತಾರು ಅಕ್ಷರ ಕಲಿತರೂ ಮಗು ಓದಬಲ್ಲ ಪದಗಳು ಬಹಳ ಕಡಿಮೆ, ಏಕೆಂದರೆ ಕನ್ನಡದಲ್ಲಿ ಸ್ವರಾಕ್ಷರಗಳು ಪದದ ಆದಿಯಲ್ಲಲ್ಲದೆ ಸಾಮಾನ್ಯವಾಗಿ ಬರುವುದಿಲ್ಲ. ನಲಿ-ಕಲಿಯಲ್ಲಿ ಮೊದಲು ಬರುವ ಗುಚ್ಛ ‘ರ, ಗ, ಸ, ದ, ಅ’. ಎರಡನೆಯದು ‘ಜ, ವ, ಮ, ಬ, ನ’. ಈ ಗುಚ್ಛಗಳ ಆಯ್ಕೆಯ ಹಿಂದೆ ಅಕ್ಷರಗಳ ಆಕಾರದ ಹೋಲಿಕೆ, ಬರೆಯುವ ಸುಲಭತೆ, ಬಳಕೆಯ ಪ್ರಮಾಣ ಎಂಬ ಮೂರು ವಿಚಾರಗಳಿವೆ. ‘ರ’ ತಿದ್ದಲು ಬಂದ ಕೈಗೆ ‘ಗ’, ‘ಸ’, ‘ದ’ಗಳ ತಿರುವುಗಳು ಹೊಸತಲ್ಲ.

ಮೊದಲ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಎರಡನೆಯ ಗುಚ್ಛ ಸೇರಿದರೆ ಮರ, ಜನ, ದನ, ವನ, ನಗರ, ಬಸವ, ಗಮನ, ಅವಸರ ಹೀಗೆ ಪಟ್ಟಿ ಬೆಳೆಯುತ್ತದೆ. ಎಂದರೆ ಹತ್ತು ಅಕ್ಷರ ಕಲಿತ ಮಗು ಅರ್ಥವುಳ್ಳ ಪದಗಳನ್ನು ಓದುತ್ತಿರುತ್ತದೆ. ಅಕ್ಷರ ಮತ್ತು ಓದು ಎಂಬ ಎರಡು ಬೇರೆ ಕಾಲಘಟ್ಟಗಳಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳು ಮುಂದಿನ ಮೈಲಿಗಲ್ಲುಗಳಲ್ಲಿ ಬರುತ್ತವೆ. ಕಾರ್ಡಿನ ಜೊತೆಗೆ ಸಣ್ಣ ಕಥೆ, ಪದ್ಯಗಳ ವಾಚಕಗಳೂ ತಿದ್ದಿ ಬರೆಯಲು ಅಭ್ಯಾಸ ಪುಸ್ತಕಗಳೂ ಇವೆ.

ಪಾಲಕರ ಆಕ್ಷೇಪ ಅತಿ ಹೆಚ್ಚು ಬಂದದ್ದು ಇದೇ ಅಂಶಕ್ಕೆ. ಶಾಲೆಗೆ ಸೇರಿ ಕೆಲವು ತಿಂಗಳಾದರೂ ಮಗುವಿಗೆ ‘ಅ ಆ ಇ ಈ’ ಬಾಯಿಪಾಠ ಬರುವುದಿಲ್ಲ ಎಂಬ ದೂರು ಹಲವೆಡೆ ಕೇಳಿಬಂದಿತು. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಸ್ಥಾನವನ್ನು ಆಧರಿಸಿದ ಶಾಸ್ತ್ರೀಯ ವರ್ಗೀಕರಣ. ನಿಘಂಟು ನೋಡಲು ಅದು ಬೇಕೇ ಬೇಕು. ಆದರೆ ಓದಲು ಕಲಿಯುವ ಮಗುವಿಗೆ ಅದೇ ಕ್ರಮ ಅನುಕೂಲ ಎಂಬುದಕ್ಕೆ ಬೋಧನಾಶಾಸ್ತ್ರದಲ್ಲಿ ಆಧಾರವಿಲ್ಲ.

ಗಣಿತ ಮತ್ತು ಪರಿಸರ ಅಧ್ಯಯನ

ಗಣಿತದಲ್ಲಿ ವಸ್ತು, ಚಿತ್ರ, ಸಂಕೇತ ಎಂಬ ಅನುಕ್ರಮ ಪಾಲನೆಯಾಗುತ್ತದೆ. ಅಂಕಿಯನ್ನು ಬರೆಯುವ ಮುನ್ನ ಬೀಜಗಳನ್ನು ಎಣಿಸಿ ಗುಂಪು ಮಾಡುವುದು, ಹತ್ತು ಕಡ್ಡಿಗಳಿಗೆ ದಾರ ಸುತ್ತಿ ಕಂತೆ ಮಾಡಿ ಬಿಡಿ-ಹತ್ತುಗಳ ಸ್ಥಾನಬೆಲೆ ತಿಳಿಯುವುದು, ಆಮೇಲೆ ಕಾರ್ಡಿನ ಲೆಕ್ಕ. ‘ಮೆಟ್ರಿಕ್ ಮೇಳ’ ಎಂಬ ಮಕ್ಕಳ ಸಂತೆಯಲ್ಲಿ ಮಕ್ಕಳು ತರಕಾರಿ, ಸೊಪ್ಪು ತಂದು ತೂಗಿ, ಅಳೆದು, ಮಾರಿ, ಚಿಲ್ಲರೆ ಕೊಡುತ್ತಾರೆ. ಊರಿನವರೂ ಕೊಳ್ಳಲು ಬರುವುದರಿಂದ ಶಾಲೆಯ ಲೆಕ್ಕ ಮನೆಯವರ ಕಣ್ಣಿಗೆ ಬೀಳುವ ಸಂದರ್ಭವೂ ಹೌದು. ಪರಿಸರ ಅಧ್ಯಯನದ ಕಾರ್ಡುಗಳು ಮನೆ, ನೀರು, ಆಹಾರ, ಗಿಡಮರ, ಪ್ರಾಣಿಗಳ ಸುತ್ತ ಇದ್ದು, ಹೊರಗೆ ಹೋಗಿ ನೋಡಿ ಬಂದು ಹೇಳುವ ಚಟುವಟಿಕೆಗಳನ್ನು ಹೆಚ್ಚಾಗಿ ಬಳಸುತ್ತವೆ.

ಶಿಕ್ಷಕರ ಪಾತ್ರ

ನಲಿ-ಕಲಿಯ ಶಿಕ್ಷಕರನ್ನು ಇಲಾಖೆಯ ಭಾಷೆಯಲ್ಲಿ ‘ಸುಗಮಕಾರರು’ ಎನ್ನುತ್ತಾರೆ. ಕಪ್ಪು ಹಲಗೆಯ ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಹೇಳುವ ಕೆಲಸ ಇಲ್ಲಿಲ್ಲ. ಮೊದಲ ತಟ್ಟೆಯ ಮಕ್ಕಳೊಂದಿಗೆ ಕುಳಿತು ಹೊಸದನ್ನು ಕಲಿಸುತ್ತ, ಎರಡನೆಯ ತಟ್ಟೆಯವರನ್ನು ಆಗಾಗ ಗಮನಿಸುತ್ತ, ಉಳಿದ ಮೂರು ಗುಂಪುಗಳು ತಮ್ಮ ಕೆಲಸದಲ್ಲಿವೆಯೇ ಎಂದು ನೋಡಿಕೊಳ್ಳಬೇಕು. ಈ ಕೌಶಲಕ್ಕೆ ಉಪನ್ಯಾಸ ಪದ್ಧತಿಗಿಂತ ಹೆಚ್ಚು ಸಿದ್ಧತೆ ಬೇಕು. ದಿನದ ಕೊನೆಗೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಶಿಕ್ಷಕರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಏಣಿ ಬರೀ ಗೋಡೆಯ ಅಲಂಕಾರ.

ತರಬೇತಿ ಮತ್ತು ಬೆಂಬಲದ ಹೊಣೆ ರಾಜ್ಯ ಮಟ್ಟದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಸಮಗ್ರ ಶಿಕ್ಷಣ ಕರ್ನಾಟಕ, ಜಿಲ್ಲೆಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ತಾಲ್ಲೂಕಿನಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಅದರ ಕೆಳಗೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಮೇಲಿದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ತಮ್ಮ ಕೋಣೆಯ ತೊಡಕುಗಳನ್ನು ಚರ್ಚಿಸುತ್ತಾರೆ. ಪಾಲಕರ ಪಾಲುಗೊಳ್ಳುವಿಕೆ 2001ರಿಂದ ರಚನೆಯಾಗುತ್ತ ಬಂದಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಮೂಲಕ ನಡೆಯುತ್ತದೆ.

ಮೌಲ್ಯಮಾಪನ

ವರ್ಷದ ಕೊನೆಯ ಲಿಖಿತ ಪರೀಕ್ಷೆಗೆ ಈ ಪದ್ಧತಿಯಲ್ಲಿ ಸ್ಥಾನವಿಲ್ಲ. ಪ್ರತಿ ಮೈಲಿಗಲ್ಲಿನ ಅಂತ್ಯದ ಮೌಲ್ಯಮಾಪನ ಕಾರ್ಡೇ ಪರೀಕ್ಷೆ. ಅದು ಪರೀಕ್ಷೆ ಎಂದು ಮಗುವಿಗೆ ಅನ್ನಿಸಬೇಕಾಗಿಲ್ಲ. ಫಲಿತಾಂಶ ‘ಪ್ರಗತಿ ನೋಟ’ ಎಂಬ ದಾಖಲೆಯಲ್ಲಿ ಸೇರುತ್ತದೆ. ಅದನ್ನು ನೋಡಿದರೆ ಇಡೀ ಕೋಣೆಯ ಮಕ್ಕಳು ಯಾವ ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದು ಒಂದೇ ಹಾಳೆಯಲ್ಲಿ ತಿಳಿಯುತ್ತದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂಬ ಮಾತು ಶಿಕ್ಷಣ ಹಕ್ಕು ಕಾಯ್ದೆಯ ಮೂಲಕ ಎಲ್ಲ ಶಾಲೆಗಳಿಗೆ ಬರುವ ಮೊದಲೇ ನಲಿ-ಕಲಿಯಲ್ಲಿ ಅದು ಆಚರಣೆಯಲ್ಲಿತ್ತು.

ಪ್ರಭೇದಗಳು

ಕನ್ನಡ ಮಾಧ್ಯಮದ ಮೂಲ ಮಾದರಿಯ ಜೊತೆಗೆ ಉರ್ದು ಮಾಧ್ಯಮದ ಶಾಲೆಗಳಿಗೂ ಸಾಮಗ್ರಿ ರೂಪುಗೊಂಡಿತು. ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸುವ ಸಲುವಾಗಿ ‘ಇಂಗ್ಲಿಷ್ ನಲಿ-ಕಲಿ’ ಬಂದಿತು. ಇದರಲ್ಲಿ ಕೇಳುವುದು ಮತ್ತು ಮಾತನಾಡುವುದಕ್ಕೆ ಆದ್ಯತೆ. 2019-20ರಿಂದ ಸುಮಾರು ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದ ಮೇಲೆ ಅದೇ ಕೋಣೆಗಳಲ್ಲಿ ಎರಡು ಮಾಧ್ಯಮಗಳನ್ನು ನಿಭಾಯಿಸುವ ಹೊಸ ಪ್ರಶ್ನೆಯೂ ಹುಟ್ಟಿತು.

ಇತರ ರಾಜ್ಯಗಳಲ್ಲಿ ಇದೇ ಮೂಲದಿಂದ ಬೆಳೆದ ಪದ್ಧತಿಗಳಿವೆ. ತಮಿಳುನಾಡಿನಲ್ಲಿ 2003ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯ ಶಾಲೆಗಳಲ್ಲಿ ಆಗಿನ ಆಯುಕ್ತ ಎಂ.ಪಿ. ವಿಜಯಕುಮಾರ್ ಅವರ ಮುಂದಾಳ್ತನದಲ್ಲಿ ಶುರುವಾದ ಚಟುವಟಿಕೆ ಆಧಾರಿತ ಕಲಿಕೆ 2007-08ರಲ್ಲಿ ಇಡೀ ರಾಜ್ಯಕ್ಕೆ ಹಬ್ಬಿತು. ಗುಜರಾತಿನ ‘ಪ್ರಜ್ಞಾ’ 2010ರಲ್ಲಿ ಆರಂಭವಾಯಿತು. ಇವೆಲ್ಲದರಲ್ಲೂ ಏಣಿ, ಲೋಗೋ, ಕಾರ್ಡು, ಗುಂಪುಗಳ ಚೌಕಟ್ಟು ಸಮಾನ. ಅಕ್ಷರಕ್ರಮ ಆಯಾ ಭಾಷೆಯದು.

ಉಪಯೋಗ ಮತ್ತು ಇತಿಮಿತಿ

ಬಹುವರ್ಗ ಶಾಲೆಗಳಲ್ಲಿ, ಹಾಜರಾತಿ ಏರುಪೇರಾಗುವ ಕಡೆ, ಮನೆಮಾತು ಕನ್ನಡವಲ್ಲದ ಮಕ್ಕಳಿರುವಲ್ಲಿ ಈ ಪದ್ಧತಿ ವಿಶೇಷ ಅನುಕೂಲ. ಲಂಬಾಣಿ, ತುಳು, ಕೊಂಕಣಿ ಅಥವಾ ಜೇನುಕುರುಬರ ಜೇನುನುಡಿ ಆಡುವ ಮಗುವಿಗೆ ಮೊದಲ ತಿಂಗಳುಗಳಲ್ಲಿ ಹಾಡು, ಮಾತುಕತೆ, ಚಿತ್ರಗಳ ಮೂಲಕ ಶಾಲೆಯ ಕನ್ನಡಕ್ಕೆ ಹೊಂದಿಕೊಳ್ಳಲು ಅವಕಾಶ ಸಿಗುತ್ತದೆ. ಶಿಕ್ಷಕರು ಮತ್ತು ಮಕ್ಕಳು ಒಂದೇ ಮಟ್ಟದಲ್ಲಿ ಕೂರುವುದರಿಂದಲೂ ಬೆತ್ತ ಮರೆಯಾದುದರಿಂದಲೂ ಶಾಲೆಯ ಭಯ ಕಡಿಮೆಯಾಯಿತು ಎಂಬುದನ್ನು ಪದ್ಧತಿಯ ಟೀಕಾಕಾರರೂ ಒಪ್ಪುತ್ತಾರೆ.

ತೊಡಕುಗಳಲ್ಲಿ ಮುಖ್ಯವಾದವು ಶಿಕ್ಷಕರ ಕೊರತೆ ಮತ್ತು ಸಾಮಗ್ರಿಯ ಸವಕಳಿ. ಪದ್ಧತಿಯ ಲೆಕ್ಕಾಚಾರ ಒಂದು ಕೋಣೆಗೆ ಸುಮಾರು 30 ಮಕ್ಕಳು ಮತ್ತು ಅವರಿಗೆ ಮೀಸಲಾದ ಒಬ್ಬ ಶಿಕ್ಷಕರನ್ನು ಆಧರಿಸಿದೆ. ಅದೇ ಶಿಕ್ಷಕರು ನಾಲ್ಕು, ಐದನೆಯ ತರಗತಿಗೂ ಹೋಗಬೇಕಾದಾಗ, ಬಿಸಿಯೂಟ, ಗಣತಿ, ಚುನಾವಣೆ, ಆನ್‌ಲೈನ್ ದಾಖಲೆಗಳ ಕೆಲಸಕ್ಕೆ ನಿಂತಾಗ ಮೊದಲ ತಟ್ಟೆ ಖಾಲಿಯಾಗುತ್ತದೆ, ಹೊಸ ಕಲಿಕೆ ನಿಲ್ಲುತ್ತದೆ. ಕಾರ್ಡುಗಳು ದಿನವೂ ಹತ್ತಾರು ಕೈ ಬದಲಾಯಿಸುವ ವಸ್ತುಗಳು. ಒಂದು ಕಾರ್ಡು ಕಳೆದರೆ ಏಣಿಯ ಒಂದು ಮೆಟ್ಟಿಲೇ ಇಲ್ಲವಾಗುತ್ತದೆ. ಇಂಥ ಕಡೆ ಪದ್ಧತಿಯ ಹೆಸರು ಉಳಿದು, ಕಾರ್ಡನ್ನೇ ಸಣ್ಣ ಪಠ್ಯಪುಸ್ತಕದಂತೆ ಎಲ್ಲರಿಗೂ ಒಟ್ಟಿಗೆ ಓದಿಸುವ ರೂಢಿ ಕಾಣಿಸಿಕೊಂಡಿತು.

ಇನ್ನೊಂದು ಸಮಸ್ಯೆ ನಾಲ್ಕನೆಯ ತರಗತಿಯದು. ಮೂರು ವರ್ಷ ತನ್ನ ವೇಗದಲ್ಲಿ ಕಾರ್ಡು ಹಿಡಿದು ಕಲಿತ ಮಗು ನಾಲ್ಕಕ್ಕೆ ಬಂದೊಡನೆ ಪಠ್ಯಪುಸ್ತಕ, ನಿಗದಿತ ಪಾಠ, ಪ್ರಶ್ನೋತ್ತರಗಳ ಕ್ರಮಕ್ಕೆ ಹೊರಳಬೇಕು. ಏಣಿ ಮುಗಿಸದೆ ಬಂದ ಮಕ್ಕಳಿಗೆ ಈ ಹೊರಳು ಕಷ್ಟ. ನಾಲ್ಕು, ಐದನೆಯ ತರಗತಿಗಳಲ್ಲಿ ಓದಿನ ಕೊರತೆ ನೀಗಲು ‘ಓದು ಕರ್ನಾಟಕ’, ಗಣಿತಕ್ಕೆ ‘ಗಣಿತ ಕಲಿಕಾ ಆಂದೋಲನ’ ಎಂಬ ಕಾರ್ಯಕ್ರಮಗಳು ಬೇರೆಯಾಗಿ ಬೇಕಾದದ್ದು ಇದೇ ಕಾರಣಕ್ಕೆ.

ಕೋವಿಡ್ ಅವಧಿ

2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳ ಒಂದರಿಂದ ಐದನೆಯ ತರಗತಿಗಳು ಕರ್ನಾಟಕದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಕೈಯಿಂದ ಕೈಗೆ ಸಾಗುವ ಕಾರ್ಡು, ಪಕ್ಕದಲ್ಲಿ ಕುಳಿತು ಕಲಿಸುವ ಗೆಳೆಯ ಇವನ್ನೇ ಆಧಾರವಾಗಿಸಿಕೊಂಡ ಪದ್ಧತಿಗೆ ಇದು ದೊಡ್ಡ ಪೆಟ್ಟು. 2020ರಲ್ಲಿ ಶಿಕ್ಷಕರು ಊರಿನ ದೇವಸ್ಥಾನ, ಜಗಲಿ, ಮರದ ನೆರಳಿಗೆ ಹೋಗಿ ಕಲಿಸಿದ ‘ವಿದ್ಯಾಗಮ’ ಕೆಲವು ತಿಂಗಳು ನಡೆದು ನಿಂತಿತು. ಸುಮಾರು ಒಂದೂವರೆ ವರ್ಷ ನಲಿ-ಕಲಿ ಕೋಣೆಯನ್ನೇ ನೋಡದೆ ಮೂರನೆಯ ತರಗತಿ ತಲುಪಿದ ಮಕ್ಕಳ ಓದು 2018ಕ್ಕೆ ಹೋಲಿಸಿದರೆ ಇಳಿದಿರುವುದನ್ನು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ 2022ರ ಅಸರ್ ಸಮೀಕ್ಷೆ ದಾಖಲಿಸಿತು. ಕಳೆದುಹೋದ ಕಲಿಕೆಯನ್ನು ಮರಳಿ ಕಟ್ಟಲು ರಾಜ್ಯ ಸರ್ಕಾರ 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವನ್ನು ಜಾರಿಗೊಳಿಸಿತು.

ಸದ್ಯದ ಸ್ಥಿತಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ದಕ್ಕಬೇಕೆಂದು ಗುರಿ ಇಟ್ಟಿತು. ಗುರಿಯ ವರ್ಷ 2026-27. ನಲಿ-ಕಲಿ ಆವರಿಸುವ ಮೂರು ತರಗತಿಗಳೂ ಇದರ ವ್ಯಾಪ್ತಿಗೆ ಬರುವುದರಿಂದ ಕಾರ್ಡು ಮತ್ತು ಅಭ್ಯಾಸ ಪುಸ್ತಕಗಳನ್ನು ಕಲಿಕಾ ಫಲಗಳಿಗೆ ಹೊಂದಿಸುವ ಕೆಲಸ ನಡೆದಿದೆ. ಒಂದನೆಯ ತರಗತಿಗೆ ಸೇರಿದ ಮಕ್ಕಳಿಗೆ ಮೊದಲು ‘ವಿದ್ಯಾ ಪ್ರವೇಶ’ ಎಂಬ ಮೂರು ತಿಂಗಳ ಆಟ ಆಧಾರಿತ ಸಿದ್ಧತೆ, ಅನಂತರ ಏಣಿ. ಸರ್ಕಾರಿ ಶಾಲೆಗಳ ದಾಖಲಾತಿ ಕುಗ್ಗುತ್ತಿರುವ ಊರುಗಳಲ್ಲಿ ಮೂರು ತರಗತಿಗಳು ಸೇರಿದರೂ ಕೋಣೆಯಲ್ಲಿ ಹತ್ತು ಮಕ್ಕಳಾಗದ ಸ್ಥಿತಿ ಇದೆ. ಐದು ತಟ್ಟೆಗಳಿಗೆ ಬೇಕಾದಷ್ಟು ಸಹಪಾಠಿಗಳೇ ಅಲ್ಲಿಲ್ಲ.